ಮಳೆಮಾಪಕವನ್ನು ಪ್ರಶ್ನೆ ಕೇಳುವ ಬಗೆ



ಮಳೆ ಬಂದ ಮಾರನೆಯ ಬೆಳಗ್ಗೆ ಹಳ್ಳಿಯಲ್ಲಿ ಇಬ್ಬರು ಎದುರಾದರೆ ಮೊದಲ ಮಾತು ಯಾವುದು? "ನಿಮ್ಮ ಕಡೆ ಹೆಂಗಾಯ್ತು?" ಎಂಬುದೇ ಅಲ್ಲವೆ? "ಪರವಾಗಿಲ್ಲ, ಉಳೋ ಹದ ಆಯ್ತು" ಎಂದೋ, "ಬರೀ ಧೂಳು ಅಡಗಿಸ್ತು, ಅಷ್ಟೆ" ಎಂದೋ ಉತ್ತರ ಬರುತ್ತದೆ. ಆ ಉತ್ತರ ಇಬ್ಬರಿಗೂ ಸಾಕು. ಯಾಕೆಂದರೆ ಯಾವ ಊರು, ಯಾವ ರಾತ್ರಿ, ಎಂಥ ನೆಲ ಎಂಬುದು ಇಬ್ಬರಿಗೂ ಹೇಳದೆಯೇ ಗೊತ್ತಿರುತ್ತದೆ.

ಈಗ ಇದೇ ಪ್ರಶ್ನೆಯನ್ನು ಯಂತ್ರಗಳು ಒಂದನ್ನೊಂದು ಕೇಳುತ್ತಿವೆ. ನಿಮ್ಮ ಪಂಚಾಯತಿಯ ಮಳೆಮಾಪಕವನ್ನು ಬೆಂಗಳೂರಿನ ಕಂಪ್ಯೂಟರು ಕೇಳುತ್ತದೆ. ಆ ಕಂಪ್ಯೂಟರನ್ನು ವಿಮಾ ಕಂಪನಿಯ ಕಂಪ್ಯೂಟರು ಕೇಳುತ್ತದೆ. ನಿಮ್ಮ ಮಗನ ಕೈಯಲ್ಲಿರುವ ಫೋನೂ ಕೇಳುತ್ತದೆ. ಆದರೆ ಯಂತ್ರಕ್ಕೆ "ಉಳೋ ಹದ" ಎಂದರೆ ತಿಳಿಯುವುದಿಲ್ಲ. ಅದಕ್ಕೆ ಎಲ್ಲವನ್ನೂ ಬಿಡಿಸಿ ಹೇಳಬೇಕು. ಹಾಗೆ ಹೇಳುವುದು ಹೇಗೆ, ಕೇಳುವುದು ಹೇಗೆ, ಅದರಲ್ಲಿ ತಪ್ಪಿದರೆ ರೈತನ ಗಂಟಿಗೆ ಏನು ಪೆಟ್ಟು ಎಂಬುದನ್ನು ಈ ಹೊತ್ತು ತಿಳಿದುಕೊಳ್ಳೋಣ.

ಒಂದು ಸಂಗತಿ ಹೇಳುತ್ತೇನೆ. ಒಂದು ಮುಂಗಾರಿನಲ್ಲಿ ನಾನು ಕೆಲಸ ಮಾಡುವ ರೈತ ಸಂಪರ್ಕ ಕೇಂದ್ರಕ್ಕೆ ಹಿರಿಯರೊಬ್ಬರು ಬಂದರು. ಎರಡು ಎಕರೆ ಅಡಿಕೆ, ಮರಕ್ಕೆ ಹಬ್ಬಿಸಿದ ಮೆಣಸು. ಅಡಿಕೆ ತೋಟಗಾರಿಕೆ ಇಲಾಖೆಗೆ ಸೇರಿದ ಬೆಳೆ ನಿಜ. ಆದರೆ ಊರಿನವರಿಗೆ ನಾವೆಲ್ಲ ಒಂದೇ. ಬಂದವರು ಕೂರಲೂ ಇಲ್ಲ.

"ಏನ್ ಸಾರ್ ಇದು? ಶುಕ್ರವಾರ ರಾತ್ರಿ ಊಟ ಮಾಡಿ ಮಲಗೋ ಹೊತ್ತಿಗೆ ಹಿಡಿದ ಮಳೆ ಎರಡು ಗಂಟೆ ಬಿಡದೆ ಹುಯ್ತು. ಮಗ ಫೋನಲ್ಲಿ ನೋಡಿದ್ರೆ ಶುಕ್ರವಾರ ಸೊನ್ನೆ ಅಂತ ಬರೆದವ್ರೆ. ನಮ್ಮ ಮಳೇನ ಯಾರು ನುಂಗಿದ್ರು?"

"ಯಜಮಾನ್ರೆ, ಶನಿವಾರದ ಮನೆ ನೋಡಿದ್ರಾ?" ಎಂದೆ.

ನೋಡಿದೆವು. ಶನಿವಾರದ ಎದುರಿಗೆ 42 ಮಿಲಿಮೀಟರ್ ಎಂದಿತ್ತು. ಮಳೆಯನ್ನು ಯಾರೂ ನುಂಗಿರಲಿಲ್ಲ. ಹವಾಮಾನದವರ ದಿನ ನಮ್ಮ ನಿಮ್ಮ ದಿನದಂತೆ ಬೆಳಗಾಗುವುದಿಲ್ಲ, ಅಷ್ಟೆ. ಅದರ ವಿಚಾರಕ್ಕೆ ಆಮೇಲೆ ಬರುತ್ತೇನೆ. ಮೊದಲು ಮಾಪಕವನ್ನೇ ನೋಡೋಣ.

ಮಾಪಕದೊಳಗೆ ಏನಿದೆ?

ಪಂಚಾಯತಿ ಕಟ್ಟಡದ ಹತ್ತಿರವೋ ಶಾಲೆಯ ಬಯಲಿನಲ್ಲೋ ಒಂದು ಕಂಬ, ಅದಕ್ಕೊಂದು ಸಣ್ಣ ಸೌರಫಲಕ, ಮೇಲೆ ಬಾಯಿ ತೆರೆದ ಒಂದು ಡಬ್ಬ. ಇದನ್ನು ನೀವು ಕಂಡೇ ಇರುತ್ತೀರಿ. ಡಬ್ಬದ ಬಾಯಿ ಆಲಿಕೆಯ ಹಾಗೆ. ಇಂಥ ಮಾಪಕದಲ್ಲಿ ಸಾಮಾನ್ಯವಾಗಿ ಆಲಿಕೆಯ ಕೆಳಗೆ ತಕ್ಕಡಿಯಂತೆ ತೂಗುವ ಎರಡು ಪುಟ್ಟ ಬಟ್ಟಲುಗಳಿರುತ್ತವೆ. ಒಂದು ತುಂಬಿದೊಡನೆ ಮಗುಚಿಕೊಳ್ಳುತ್ತದೆ, ಇನ್ನೊಂದು ಮೇಲೆ ಬರುತ್ತದೆ. ಒಮ್ಮೆ ಮಗುಚಿದರೆ ಇಂತಿಷ್ಟು ಮಳೆ ಎಂದು ಮೊದಲೇ ಗೊತ್ತುಮಾಡಿರುತ್ತಾರೆ. ಎಷ್ಟು ಸಲ ಮಗುಚಿತು ಎಂಬುದನ್ನು ಒಳಗಿನ ಉಪಕರಣ ಎಣಿಸುತ್ತದೆ. ಹೀಗೆ ಹೊರಗಿನ ಸಂಗತಿಯನ್ನು ಅಳೆದು ಅಂಕಿ ಮಾಡಿ ಕೊಡುವ ಉಪಕರಣಕ್ಕೆ ಸೆನ್ಸರ್ ಎನ್ನುತ್ತಾರೆ. ಎಣಿಕೆಯನ್ನು ಮೊಬೈಲ್ ಸಿಮ್ ಮೂಲಕ ದೂರದ ಕಂಪ್ಯೂಟರಿಗೆ ಕಳುಹಿಸುವುದು ಅದರ ಮುಂದಿನ ಕೆಲಸ.

ನಮ್ಮ ರಾಜ್ಯದಲ್ಲಿ ಈ ಕೆಲಸ ನೋಡಿಕೊಳ್ಳುವುದು ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರ. 1988ರಲ್ಲಿ ಬರ ಪರಿಸ್ಥಿತಿ ನೋಡುವ ಘಟಕವಾಗಿ ಹುಟ್ಟಿದ ಸಂಸ್ಥೆ ಇದು. ಈಗ ಆರು ಸಾವಿರಕ್ಕೂ ಹೆಚ್ಚು ಮಳೆಮಾಪಕಗಳು ಗ್ರಾಮ ಪಂಚಾಯತಿಗಳಲ್ಲಿ ನಿಂತಿವೆ. ಅವು 15 ನಿಮಿಷಕ್ಕೊಮ್ಮೆ ಲೆಕ್ಕ ಕಳುಹಿಸುತ್ತವೆ. ಗಾಳಿ, ಉಷ್ಣಾಂಶ, ತೇವಾಂಶ ಅಳೆಯುವ ಹವಾಮಾನ ಕೇಂದ್ರಗಳು ಹೋಬಳಿ ಮಟ್ಟದಲ್ಲಿವೆ. ಆದ್ದರಿಂದ ಮಳೆ ಕೇಳಬೇಕಾದರೆ ನಿಮ್ಮ ಪಂಚಾಯತಿಯ ಲೆಕ್ಕ ಕೇಳಿ. ಔಷಧ ಹೊಡೆಯಲು ಗಾಳಿ ಹೇಗಿದೆ ಎಂದು ಕೇಳಬೇಕಾದರೆ ಹೋಬಳಿಯ ಲೆಕ್ಕ ಕೇಳಿ.

ಬರೀ ಅಂಕಿಗೆ ಬೆಲೆಯಿಲ್ಲ

"42" ಎಂದು ಒಂದು ಚೀಟಿಯಲ್ಲಿ ಬರೆದು ನಿಮ್ಮ ಕೈಗೆ ಕೊಟ್ಟರೆ ನೀವು ಏನು ತಿಳಿಯುತ್ತೀರಿ? ಮಳೆಯೋ, ಬಿಸಿಲೋ, ಮೂಟೆಯ ಲೆಕ್ಕವೋ? ಅಂಕಿಯ ಜೊತೆ ಐದು ಸಂಗತಿ ಬಂದರೆ ಮಾತ್ರ ಅದು ಲೆಕ್ಕ. ಎಲ್ಲಿ? ಯಾವಾಗ? ಏನು? ಯಾವ ಅಳತೆಯಲ್ಲಿ? ಯಾವ ಮಾಪಕ? ಪಹಣಿಯಲ್ಲಿ ಸರ್ವೆ ನಂಬರಿಗೊಂದು ಕಾಲಂ, ವಿಸ್ತೀರ್ಣಕ್ಕೊಂದು ಕಾಲಂ, ಬೆಳೆಗೊಂದು ಕಾಲಂ ಇರುವಂತೆ ಇಲ್ಲಿಯೂ ಒಂದೊಂದಕ್ಕೆ ಒಂದೊಂದು ಮನೆ. ಹೀಗೆ ಮನೆ ಮನೆಯಾಗಿ ಜೋಡಿಸಿದ ಮಾಹಿತಿಯನ್ನೇ ಯಂತ್ರಗಳು ಓದಬಲ್ಲವು, ಕೊಟ್ಟು ತೆಗೆದುಕೊಳ್ಳಬಲ್ಲವು. ಒಂದೊಂದಾಗಿ ನೋಡೋಣ.

ಎಲ್ಲಿ? ನಮ್ಮ ನಾಡಿನಲ್ಲಿ ಹೊಸಹಳ್ಳಿ ಎಷ್ಟಿವೆ ಎಂದು ಯಾರಾದರೂ ಬೆರಳು ಮಡಿಸಿ ಎಣಿಸಿ ಮುಗಿಸಿಯಾರೆ? ಒಂದೇ ತಾಲ್ಲೂಕಿನಲ್ಲಿ ಎರಡು ಮೂರು ಇದ್ದರೂ ಇರಬಹುದು. ಹೆಸರು ಬರೆದರೆ ಯಂತ್ರ ತಬ್ಬಿಬ್ಬಾಗುತ್ತದೆ. ಅದಕ್ಕಾಗಿ ಕೇಂದ್ರದ ಪಂಚಾಯತ್ ರಾಜ್ ಸಚಿವಾಲಯ ಇಟ್ಟಿರುವ ಪಟ್ಟಿಯಲ್ಲಿ ದೇಶದ ಒಂದೊಂದು ಪಂಚಾಯತಿಗೂ ಬೇರೆ ಬೇರೆ ಸಂಖ್ಯೆ ಕೊಟ್ಟಿದ್ದಾರೆ. ಹೆಸರು ಹತ್ತು ಕಡೆ ಇರಬಹುದು, ಸಂಖ್ಯೆ ಒಂದೇ ಕಡೆ.

ಯಾವಾಗ? ಇಲ್ಲಿಯೇ ನಮ್ಮ ಯಜಮಾನರು ಎಡವಿದ್ದು. ಭಾರತದ ಹವಾಮಾನ ಇಲಾಖೆಯ ಪದ್ಧತಿಯಂತೆ ಮಳೆಯ ದಿನ ಬೆಳಗ್ಗೆ 8.30ಕ್ಕೆ ಮುಗಿಯುತ್ತದೆ. ನಿನ್ನೆ 8.30ರಿಂದ ಇಂದು 8.30ರವರೆಗೆ ಬಿದ್ದದ್ದೆಲ್ಲ ಇಂದಿನ ತಾರೀಖಿಗೆ ಜಮೆ. ಆದ್ದರಿಂದ ಶುಕ್ರವಾರ ರಾತ್ರಿಯ ಮಳೆ ಶನಿವಾರದ ಮನೆಯಲ್ಲಿ ಕುಳಿತಿತ್ತು. 8.30 ಏಕೆಂದರೆ, ಆಗ ಗ್ರೀನ್‌ವಿಚ್ ಗಡಿಯಾರದಲ್ಲಿ ಸರಿಯಾಗಿ 3 ಗಂಟೆ. ನಮ್ಮ ಗಡಿಯಾರ ಅದಕ್ಕಿಂತ ಐದೂವರೆ ಗಂಟೆ ಮುಂದೆ. ದೇಶದೇಶಗಳು ಹವಾಮಾನದ ಲೆಕ್ಕವನ್ನು ಒಬ್ಬರಿಗೊಬ್ಬರು ಕೊಡುವಾಗ ಗ್ರೀನ್‌ವಿಚ್ ಕಾಲವನ್ನೇ ಹಿಡಿಯುತ್ತವೆ.

ಇನ್ನೊಂದು ಸೂಕ್ಷ್ಮವಿದೆ. ಮಳೆ ಬಿದ್ದ ಹೊತ್ತು ಬೇರೆ, ಲೆಕ್ಕ ಬಂದು ಮುಟ್ಟಿದ ಹೊತ್ತು ಬೇರೆ. ಸಿಗ್ನಲ್ ಇಲ್ಲದಿದ್ದರೆ ಮಾಪಕ ಲೆಕ್ಕವನ್ನು ಒಳಗೇ ಇಟ್ಟುಕೊಂಡು ಆಮೇಲೆ ಕಳುಹಿಸಬಹುದು. ಒಳ್ಳೆಯ ಪದ್ಧತಿಯಲ್ಲಿ ಎರಡು ಹೊತ್ತನ್ನೂ ಬೇರೆ ಬೇರೆ ಮನೆಯಲ್ಲಿ ಬರೆಯುತ್ತಾರೆ. ಟಪಾಲು ತಡವಾಗಿ ಬಂದರೂ ಕಾಗದದ ಮೇಲಿನ ತಾರೀಖು ಬದಲಾಗುವುದಿಲ್ಲವಲ್ಲ, ಹಾಗೆ.

ಯಾವ ಅಳತೆಯಲ್ಲಿ? ಕೊಡಗು, ಚಿಕ್ಕಮಗಳೂರಿನ ಕಾಫಿ ಬೆಳೆಗಾರರು ಇಂದಿಗೂ ಮಳೆಯನ್ನು ಇಂಚು, ಸೆಂಟು ಎಂದು ಲೆಕ್ಕ ಹಾಕುತ್ತಾರೆ. ಒಂದು ಇಂಚಿಗೆ 100 ಸೆಂಟು, ಅಂದರೆ 25.4 ಮಿಲಿಮೀಟರ್. "ಒಂದೂವರೆ ಬಿತ್ತು" ಎಂದು ಅವರು ಹೇಳಿದ್ದನ್ನು ಯಂತ್ರ ಒಂದೂವರೆ ಮಿಲಿಮೀಟರ್ ಎಂದು ತಿಳಿದರೆ 38 ಮಿಲಿಮೀಟರ್ ಮಳೆ ಹನಿಯಾಗಿ ಹೋಗುತ್ತದೆ! ಒಂದು ಮಿಲಿಮೀಟರ್ ಎಂದರೆ ಅಲಕ್ಷ್ಯ ಮಾಡುವಂಥದಲ್ಲ. ಎಕರೆಗೆ ಸುಮಾರು 4,047 ಲೀಟರ್ ನೀರು.

ಇನ್ನುಳಿದ ಎರಡು, ಏನು ಮತ್ತು ಯಾವ ಮಾಪಕ. ಅಳೆದದ್ದು ಮಳೆಯೋ ತೇವಾಂಶವೋ ಎಂದು ಬರೆದಿರಬೇಕು. ಯಾವ ಮಾಪಕ ಅಳೆಯಿತು ಎಂದು ಗೊತ್ತಿದ್ದರೆ, ನಾಳೆ ಅದು ಕೆಟ್ಟಿತ್ತು ಎಂದು ತಿಳಿದಾಗ ಅದರ ಲೆಕ್ಕವನ್ನಷ್ಟೇ ಬೇರೆ ತೆಗೆದಿಡಬಹುದು.

ಪ್ರಶ್ನೆ ಕೇಳುವುದು

ಈಗ ಕೇಳುವ ಬಗೆ. "ಆರಿದ್ರೆ ಮಳೆ ಎಷ್ಟಾಯ್ತು?" ಎಂದು ನಾವು ಕೇಳುತ್ತೇವೆ. ಇದು ಒಳ್ಳೆಯ ಪ್ರಶ್ನೆಯೇ. ಯಂತ್ರಕ್ಕೆ ತಿಳಿಯುವಂತೆ ಬಿಡಿಸಬೇಕು, ಅಷ್ಟೆ. ಆರಿದ್ರಾ ಮಳೆ ಸುಮಾರಾಗಿ ಜೂನ್ 22ರಿಂದ ಜುಲೈ 5ರವರೆಗೆ, 14 ದಿನ. ಪಂಚಾಂಗದಲ್ಲಿ ಒಂದೆರಡು ದಿನ ಹೆಚ್ಚು ಕಡಮೆ ಆದೀತು. 8.30ರ ಲೆಕ್ಕ ನೆನಪಿಟ್ಟುಕೊಳ್ಳಿ. 22ರ ಬೆಳಗ್ಗೆಯಿಂದ ಬಿದ್ದ ಮಳೆ 23ರ ಮನೆಯಲ್ಲಿರುತ್ತದೆ. ಆದ್ದರಿಂದ ಪ್ರಶ್ನೆ ಹೀಗಾಗಬೇಕು: "ಇಂಥ ಸಂಖ್ಯೆಯ ಪಂಚಾಯತಿ, ಜೂನ್ 23ರಿಂದ ಜುಲೈ 6ರವರೆಗಿನ ಮನೆಗಳು, ಮಳೆ, ಮಿಲಿಮೀಟರಿನಲ್ಲಿ, ಒಟ್ಟು ಎಷ್ಟು?" ಇಷ್ಟು ಕೇಳಿದರೆ ಕಂಪ್ಯೂಟರು ತನ್ನ ಸಾವಿರಾರು ಸಾಲುಗಳಲ್ಲಿ ಬೇಕಾದ 14 ಸಾಲನ್ನು ಹೆಕ್ಕಿ ಕೂಡಿ ಕೊಡುತ್ತದೆ. ಕೇಳಿದ್ದು ಅರೆಬರೆಯಾದರೆ ಸಿಕ್ಕಿದ್ದೂ ಅರೆಬರೆ.

ಒಂದು ಸಂಸ್ಥೆಯ ಯಂತ್ರ ಇನ್ನೊಂದು ಸಂಸ್ಥೆಯ ಯಂತ್ರವನ್ನು ಕೇಳುವಾಗ ಇಬ್ಬರೂ ಒಪ್ಪಿದ ಒಂದು ನಮೂನೆ ಬೇಕು. ಸಂತೆಯಲ್ಲಿ ಸೇರು ಬಳ್ಳ ಊರಿಗೊಂದು ಬಗೆಯಾಗಿದ್ದಾಗ ಎಷ್ಟು ತಕರಾರು ಇತ್ತೆಂದು ಹಿರಿಯರನ್ನು ಕೇಳಿ. ಕಿಲೋ ಬಂದ ಮೇಲೆ ಅದು ನಿಂತಿತು. ಅದೇ ರೀತಿ ಓಪನ್ ಜಿಯೋಸ್ಪೇಷಿಯಲ್ ಕನ್ಸಾರ್ಷಿಯಂ ಎಂಬ ಅಂತರರಾಷ್ಟ್ರೀಯ ಕೂಟ 2016ರಲ್ಲಿ ಸೆನ್ಸರ್‌ಥಿಂಗ್ಸ್ ಎಂಬ ನಮೂನೆಯನ್ನು ಒಪ್ಪಿ ಹೊರತಂದಿತು. ವಸ್ತು ಯಾವುದು, ಜಾಗ ಯಾವುದು, ಸೆನ್ಸರ್ ಯಾವುದು, ಅಳೆದದ್ದು ಏನು, ಬಂದ ಫಲ ಎಷ್ಟು ಎಂದು ಅದರಲ್ಲಿ ಮನೆಗಳಿವೆ. ನದಿಯ ನೀರಿನ ಮಟ್ಟವಾಗಲಿ, ತೋಟದ ಮಣ್ಣಿನ ತೇವವಾಗಲಿ, ಯಾವ ದೇಶದ ಸೆನ್ಸರೇ ಆಗಲಿ, ಈ ನಮೂನೆಯಲ್ಲಿ ಬರೆದಿಟ್ಟರೆ ಬೇರೆಯವರು ಇಂಟರ್‌ನೆಟ್ ಮೂಲಕ ಕೇಳಿ ಪಡೆಯಬಹುದು.

ಒಂದು ಬೆಳೆಗೆ ಹತ್ತು ಹೆಸರು

ಮಳೆಗಿಂತ ಬೆಳೆಯ ಹೆಸರು ಇನ್ನೂ ಮೋಸ. ಧಾರವಾಡದ ಕಡೆ "ಜ್ವಾಳ" ಎಂದರೆ ರೊಟ್ಟಿ ಬಡಿಯುವ ಜೋಳ. ಮೈಸೂರು ಕಡೆ ಕೆಲವು ಊರಿನಲ್ಲಿ "ಜೋಳ ಹಾಕಿದೀನಿ" ಎಂದರೆ ಮುಸುಕಿನ ಜೋಳ. ಅದನ್ನೇ ಒಂದು ಕಡೆ ಗೋವಿನಜೋಳ ಎನ್ನುತ್ತಾರೆ, ಇನ್ನೊಂದು ಕಡೆ ಮೆಕ್ಕೆಜೋಳ. ನಮ್ಮ ತೊಗರಿ ಹಿಂದಿಯವರಿಗೆ ಅರ್ಹರ್, ತೆಲುಗಿನವರಿಗೆ ಕಂದಿ. ಇದಕ್ಕೆ ಮದ್ದಾಗಿ ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆ 1980ರ ದಶಕದಿಂದ ಅಗ್ರೊವಾಕ್ ಎಂಬ ಪದಕೋಶ ಬೆಳೆಸಿಕೊಂಡು ಬಂದಿದೆ. ಅದರಲ್ಲಿ ಒಂದು ಬೆಳೆಗೆ ಒಂದೇ ಗುರುತು. ಆ ಗುರುತಿನ ಕೆಳಗೆ ಬೇರೆ ಬೇರೆ ಭಾಷೆಯ ಹೆಸರುಗಳು. ಹೆಸರು ಬೇರೆಯಾದರೂ ಗುರುತು ಒಂದೇ ಆದ್ದರಿಂದ ಯಂತ್ರ ಮೋಸ ಹೋಗುವುದಿಲ್ಲ.

ನಮ್ಮಲ್ಲಿಯೂ ಇಂಥ ಜೋಡಣೆ ನಡೆದಿದೆ. 2000ರಲ್ಲಿ ಭೂಮಿ ಯೋಜನೆ ಬಂದು ಪಹಣಿಗಳು ಕಂಪ್ಯೂಟರಿಗೆ ಏರಿದವು. ಆಮೇಲೆ ಫ್ರೂಟ್ಸ್ ಎಂಬ ನೋಂದಣಿಯಲ್ಲಿ ರೈತನಿಗೊಂದು ಗುರುತಿನ ಸಂಖ್ಯೆ ಬಂತು. ಅದಕ್ಕೆ ಭೂಮಿಯ ಲೆಕ್ಕ ಸೇರಿತು. ಬೆಳೆ ಸಮೀಕ್ಷೆಯಲ್ಲಿ ಯಾವ ಸರ್ವೆ ನಂಬರಿನಲ್ಲಿ ಯಾವ ಬೆಳೆ ಎಂದು ದಾಖಲಾಗುತ್ತದೆ. 2020ರಿಂದ ರೈತರೇ ಫೋನಿನಲ್ಲಿ ಫೋಟೋ ಹಿಡಿದು ಬರೆಯುವ ಅವಕಾಶವೂ ಬಂತು. ವಿಮೆಯ ಲೆಕ್ಕ ಸಂರಕ್ಷಣೆ ಎಂಬ ಜಾಲತಾಣದಲ್ಲಿ. ಈ ಪುಸ್ತಕಗಳು ಒಂದನ್ನೊಂದು ಕೇಳುತ್ತವೆ: "ಈ ರೈತರು ಈ ನಂಬರಿನಲ್ಲಿ ಮುಸುಕಿನ ಜೋಳಕ್ಕೆ ವಿಮೆ ಕಟ್ಟಿದಾರೆ, ಸಮೀಕ್ಷೆಯಲ್ಲಿ ಏನಿದೆ?" ಅಲ್ಲಿ "ಜೋಳ" ಎಂದು ಬಿದ್ದಿದ್ದರೆ ಎರಡೂ ಹೊಂದುವುದಿಲ್ಲ. ನೀವು ಕಂತು ಕಟ್ಟಿದ್ದು ನಿಜ, ಬೆಳೆ ಹೋದದ್ದೂ ನಿಜ. ಆದರೂ ಅರ್ಜಿ ನಿಲ್ಲುತ್ತದೆ.

ಸೊನ್ನೆ ಬೇರೆ, ಖಾಲಿ ಬೇರೆ

ಅಡಿಕೆ, ಮೆಣಸು, ಮಾವು, ದಾಳಿಂಬೆ ಮುಂತಾದ ಬೆಳೆಗಳಿಗೆ ಹವಾಮಾನ ಆಧಾರಿತ ವಿಮೆ ಇದೆ. ಇಂಥ ವಿಮೆಯ ಪ್ರಯೋಗ 2007ರ ಮುಂಗಾರಿನಲ್ಲಿ ನಮ್ಮ ಕರ್ನಾಟಕದಲ್ಲೇ ಮೊದಲಾಯಿತು. 2016ರಲ್ಲಿ ಅದಕ್ಕೆ ಈಗಿನ ರೂಪ ಬಂತು. ಇದರಲ್ಲಿ ಮುಖ್ಯವಾಗಿ ಪರಿಹಾರ ಗೊತ್ತುಮಾಡುವುದು ತೋಟಕ್ಕೆ ಬಂದ ಅಧಿಕಾರಿಯ ಕಣ್ಣಲ್ಲ, ಮಾಪಕದ ಅಂಕಿ. ಇಂಥ ದಿನದಿಂದ ಇಂಥ ದಿನದವರೆಗೆ ಇಷ್ಟಕ್ಕಿಂತ ಕಡಮೆಯಾದರೆ ಇಷ್ಟು, ಹೆಚ್ಚಾದರೆ ಇಷ್ಟು ಎಂದು ಕರಾರು ಇರುತ್ತದೆ. ಆ ಅವಧಿ ಮುಗಿಯುವ ದಿನದ ರಾತ್ರಿ ಬಿದ್ದ ಮಳೆ ಮಾರನೆಯ ತಾರೀಖಿಗೆ ಹೋದರೆ ಲೆಕ್ಕವೇ ಬೇರೆಯಾಗುತ್ತದೆ. 8.30ರ ಮಾತನ್ನು ನಾನು ಇಷ್ಟು ಒತ್ತಿ ಹೇಳುವುದು ಇದಕ್ಕೇ.

ಇನ್ನೊಂದು ಸಂಗತಿಯನ್ನು ನಾಚಿಕೆಯಿಂದಲೇ ಹೇಳಬೇಕು. ನನ್ನ ವ್ಯಾಪ್ತಿಯ ಒಂದು ಊರಿನಲ್ಲಿ ಮಾಪಕ ಹಲವು ದಿನ ಸೊನ್ನೆ ತೋರಿಸುತ್ತಲೇ ಇತ್ತು. ಸುತ್ತಲ ಪಂಚಾಯತಿಗಳಲ್ಲಿ ಮಳೆ ದಾಖಲಾಗಿತ್ತು. ಅಡಿಕೆಗೆ ಕೊಳೆರೋಗ ಹಿಡಿಯುವಷ್ಟು ಮಳೆ ಹಿಡಿದಿತ್ತು. ಕಾಗದದ ಮೇಲೆ ಮಾತ್ರ ಬರಗಾಲ. ಕೊನೆಗೆ ಏಣಿ ಹಾಕಿ ಹತ್ತಿ ನೋಡಿದರೆ ಆಲಿಕೆಯ ತುಂಬ ಎಲೆ, ಕಡ್ಡಿ, ಹಕ್ಕಿಯ ಗೂಡು. ನೀರು ಬಟ್ಟಲಿಗೆ ಇಳಿಯುತ್ತಲೇ ಇರಲಿಲ್ಲ. ಪಕ್ಕದಲ್ಲಿ ಮರ ಬೆಳೆದಿತ್ತು. ವಾರಕ್ಕೆ ಎರಡು ಸಲ ಅದೇ ಕಂಬದ ಕೆಳಗೆ ನಾನು ಬೈಕು ನಿಲ್ಲಿಸುತ್ತಿದ್ದೆ. ಒಂದು ದಿನವೂ ತಲೆಯೆತ್ತಿ ನೋಡಿರಲಿಲ್ಲ. ಮಾಪಕ ಸರಿಯಾಯಿತು. ಹೋದ ದಿನಗಳ ಲೆಕ್ಕ ಮಾತ್ರ ಮರಳಿ ಬರಲಿಲ್ಲ. ಆ ಊರಿನ ತೋಟದವರು ಕೇಳಿದರೆ ನನ್ನ ಬಳಿ ಇಂದಿಗೂ ಉತ್ತರವಿಲ್ಲ.

ಇದರಿಂದ ಕಲಿಯಬೇಕಾದ್ದು ಇಷ್ಟು. ಮಾಪಕ ಲೆಕ್ಕ ಕಳುಹಿಸದೇ ಇದ್ದರೆ ಮನೆ ಖಾಲಿ ಇರುತ್ತದೆ. ಖಾಲಿ ಇದ್ದರೆ ಕೆಟ್ಟಿದೆ ಎಂದು ಎಲ್ಲರಿಗೂ ಗೊತ್ತಾಗುತ್ತದೆ. ಆದರೆ ಬಾಯಿ ಕಟ್ಟಿದ ಮಾಪಕ "ಸೊನ್ನೆ" ಎಂದು ಧೈರ್ಯವಾಗಿ ಹೇಳುತ್ತದೆ. ಆ ಸೊನ್ನೆಯನ್ನು ಯಂತ್ರಗಳು ಒಂದರಿಂದ ಒಂದಕ್ಕೆ ದಾಟಿಸುತ್ತಾ ಹೋಗುತ್ತವೆ. ಅಕ್ಕಪಕ್ಕದ ಮಾಪಕದೊಡನೆ ಹೋಲಿಸಿ ನೋಡಿದಾಗ ಮಾತ್ರ ಸಂಶಯ ಬರುತ್ತದೆ. ಎಲ್ಲಕ್ಕಿಂತ ಮೊದಲು ಸಂಶಯ ಬರಬೇಕಾದ್ದು ಆ ಮಳೆಯಲ್ಲಿ ನೆಂದವರಿಗೆ.

ಹಾಗಾದರೆ ನಾವು ಮಾಡಬೇಕಾದ್ದೇನು?

ಒಂದನೆಯದು, ಮನೆಯಲ್ಲೊಂದು ಮಳೆ ಪುಸ್ತಕ ಇಡಿ. ಬುಡದಿಂದ ಬಾಯಿಯವರೆಗೆ ಒಂದೇ ಅಗಲ ಇರುವ ನೇರ ಡಬ್ಬವೊಂದನ್ನು ಬಯಲಿನಲ್ಲಿ ಅಲುಗಾಡದಂತೆ ಇಡಿ. ಪಕ್ಕದ ಮರ ಎಷ್ಟು ಎತ್ತರವೋ ಅದರ ಎರಡರಷ್ಟು ದೂರವಾದರೂ ಇರಲಿ. ಬೆಳಗ್ಗೆ 8.30ಕ್ಕೆ ಶಾಲೆಯ ಹುಡುಗರ ಅಳತೆಪಟ್ಟಿ ಇಳಿಬಿಟ್ಟು ನೀರಿನ ಆಳ ಎಷ್ಟು ಮಿಲಿಮೀಟರ್ ಎಂದು ನೋಡಿ, ತಾರೀಖು ಹಾಕಿ ಬರೆಯಿರಿ. ನೀರು ಚೆಲ್ಲಿ ಡಬ್ಬ ಮತ್ತೆ ಇಡಿ. ಮಳೆ ಬಾರದ ದಿನ ಸೊನ್ನೆ ಬರೆಯಿರಿ. ನೋಡಲು ಮರೆತ ದಿನ ಖಾಲಿ ಬಿಡಿ. ಮರೆತದ್ದಕ್ಕೆ ಸೊನ್ನೆ ಬರೆಯಬೇಡಿ.

ಎರಡನೆಯದು, ವಾರಕ್ಕೊಮ್ಮೆ ನಿಮ್ಮ ಪುಸ್ತಕವನ್ನೂ ಪಂಚಾಯತಿ ಮಾಪಕದ ಲೆಕ್ಕವನ್ನೂ ಹೋಲಿಸಿ. ವಿಕೋಪ ಉಸ್ತುವಾರಿ ಕೇಂದ್ರದ ವರುಣಮಿತ್ರ ಸಹಾಯವಾಣಿಗೆ ಫೋನ್ ಮಾಡಿ ಮಳೆಯ ವಿಚಾರ ಕೇಳಬಹುದು. ಕೇಳುವಾಗ ಜಿಲ್ಲೆ, ತಾಲ್ಲೂಕು, ಹೋಬಳಿ, ಪಂಚಾಯತಿ, ತಾರೀಖು, ಇಷ್ಟನ್ನೂ ಹೇಳಿ ಕೇಳಿ. ಮುನ್ಸೂಚನೆಗೆ 2019ರಲ್ಲಿ ಬಂದ ಮೇಘದೂತ್ ಎಂಬ ಫೋನಿನ ಆ್ಯಪ್ ಕನ್ನಡದಲ್ಲಿಯೂ ಇದೆ. ಐದು ಹತ್ತು ಮಿಲಿಮೀಟರ್ ವ್ಯತ್ಯಾಸಕ್ಕೆ ಗಾಬರಿ ಬೇಡ. ಎತ್ತಿನ ಒಂದು ಕೊಂಬಿಗೆ ಮಳೆ, ಇನ್ನೊಂದಕ್ಕೆ ಬಿಸಿಲು ಬೀಳುವ ಕಾಲ ಇದು. ಆದರೆ ನಿಮ್ಮಲ್ಲಿ 30, ಅಲ್ಲಿ ಸೊನ್ನೆ, ಅದೂ ಮೂರು ಸಲ ಎಂದಾದರೆ ಸುಮ್ಮನಿರಬೇಡಿ. ಆ ವಾರವೇ ಪಂಚಾಯತಿಗೂ ರೈತ ಸಂಪರ್ಕ ಕೇಂದ್ರಕ್ಕೂ ಬರೆದು ಕೊಟ್ಟು, ಕೊಟ್ಟದ್ದಕ್ಕೆ ಸಹಿ ಪಡೆಯಿರಿ. ನಿಮ್ಮ ಡಬ್ಬದ ಲೆಕ್ಕವನ್ನು ಮಾಪಕದ ಲೆಕ್ಕಕ್ಕೆ ಬದಲಾಗಿ ವಿಮೆಯವರು ತೆಗೆದುಕೊಳ್ಳುತ್ತಾರೆಂದು ನಾನು ಆಸೆ ಹುಟ್ಟಿಸುವುದಿಲ್ಲ. ಆದರೆ ಕೆಟ್ಟ ಮಾಪಕ ತಿಂಗಳಿಗೆ ಬದಲು ವಾರದಲ್ಲಿ ಸರಿಯಾದೀತು.

ಮೂರನೆಯದು, ಬೆಳೆಯ ಹೆಸರನ್ನು ಪೂರ್ತಿ ಹೇಳಿ. ಜೋಳವೋ ಮುಸುಕಿನ ಜೋಳವೋ ಬಿಡಿಸಿ ಬರೆಸಿ. ಪಹಣಿ, ಫ್ರೂಟ್ಸ್, ಬೆಳೆ ಸಮೀಕ್ಷೆ, ವಿಮೆಯ ರಸೀತಿ ಈ ನಾಲ್ಕರಲ್ಲಿ ಹೆಸರು, ಸರ್ವೆ ನಂಬರು, ಬೆಳೆ ಒಂದೇ ಇದೆಯೇ ಎಂದು ಒಂದು ಸಂಜೆ ಕುಳಿತು ನೋಡಿ. ಸಮೀಕ್ಷೆಯಲ್ಲಿ ತಪ್ಪಿದ್ದರೆ ಆಕ್ಷೇಪಣೆಗೆ ಕೊಟ್ಟ ಅವಧಿಯೊಳಗೆ ಅರ್ಜಿ ಹಾಕಿ. ಅವಧಿ ಮುಗಿದ ಮೇಲೆ ನಾವೂ ಕೈಕಟ್ಟಿ ನಿಲ್ಲಬೇಕಾಗುತ್ತದೆ.

ನಾಲ್ಕನೆಯದು ಬಲು ಸುಲಭ. ಪಂಚಾಯತಿ ಕಡೆ ಹೋದಾಗ ಒಮ್ಮೆ ತಲೆಯೆತ್ತಿ ಮಾಪಕವನ್ನು ನೋಡಿ. ನೀವೇ ಹತ್ತಿ ಕೈ ಹಾಕಬೇಡಿ. ಕೊಂಬೆ ಬಾಗಿದ್ದರೆ, ಹಕ್ಕಿ ಗೂಡು ಕಟ್ಟಿದ್ದರೆ, ಯಾರಾದರೂ ಅದರ ಮೇಲೆ ಬಟ್ಟೆ ಒಣಹಾಕಿದ್ದರೆ ಪಂಚಾಯತಿಗೆ ತಿಳಿಸಿ.

ಆ ಯಜಮಾನರು ಈಗ ಶನಿವಾರದ ಮನೆಯನ್ನೂ ನೋಡಿಯೇ ಮಾತಾಡುತ್ತಾರೆ. ಅವರ ಮಳೆ ಪುಸ್ತಕಕ್ಕೆ ಮೊಮ್ಮಗಳು ಗೆರೆ ಎಳೆದು ಕೊಟ್ಟಿದ್ದಾಳೆ: ತಾರೀಖು, ಮಿಲಿಮೀಟರ್, ಷರಾ. ಮೊನ್ನೆ ಷರಾದಲ್ಲಿ "ಮದುವೆಗೆ ಹೋಗಿದ್ದೆ, ನೋಡಲಿಲ್ಲ" ಎಂದು ಬರೆದು, ಮಿಲಿಮೀಟರಿನ ಮನೆ ಖಾಲಿ ಬಿಟ್ಟಿದ್ದರು. ಇಷ್ಟು ಅಚ್ಚುಕಟ್ಟಾದ ಲೆಕ್ಕ ಎಷ್ಟೋ ಕಚೇರಿಗಳಲ್ಲಿಯೂ ಸಿಗದು.

ನೀವೂ ಈ ಮಳೆಗಾಲದಲ್ಲಿ ಒಂದು ಡಬ್ಬ, ಒಂದು ಪುಸ್ತಕ ಸಿದ್ಧಮಾಡಿಕೊಳ್ಳುವಿರಾಗಿ ನಂಬಿದ್ದೇನೆ.